ಕಲಬುರಗಿಯಿಂದ ಚೆವನಿಂಗ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ಹೇಗೆ?

ಕೃಷಿ ಪದವಿ ಮುಗಿಸಿ ಕಲಬುರಗಿಯ ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೀರಿ, ಬ್ರಿಟನ್ ಸರ್ಕಾರದ ಈ ಸ್ಕಾಲರ್‌ಶಿಪ್‌ನಲ್ಲಿ ಎಂಎಸ್ಸಿ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಪ್ರಯತ್ನಿಸಿ. ಮೊದಲು ಅನುಭವದ ಲೆಕ್ಕ ಹಾಕಿ: ಕನಿಷ್ಠ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸ ಬೇಕು. ಓದು ಮುಗಿದ ಮೇಲೆ ಭಾರತಕ್ಕೆ ವಾಪಸ್ ಬಂದು ಕನಿಷ್ಠ ಎರಡು ವರ್ಷ ಇಲ್ಲೇ ಇರಬೇಕು. ಬ್ರಿಟನ್‌ನಲ್ಲೇ ನೆಲೆಸುವ ಆಸೆ ಇದ್ದರೆ ಬೇರೆ ದಾರಿ ನೋಡಿ.

ಜಾಸ್ತಿ ಸಮಯ ಕೊಡಬೇಕಾದದ್ದು ಅರ್ಜಿಯಲ್ಲಿ ಬರೆಯಬೇಕಾದ ಪ್ರಬಂಧಗಳಿಗೆ. ‘ರೈತರ ಸೇವೆ ನನ್ನ ಕನಸು’ ಅಂತ ಸುಮ್ನೆ ಬರೆದರೆ ಅದರಲ್ಲಿ ನೀವು ಕಾಣುವುದೇ ಇಲ್ಲ. ತೊಗರಿಗೆ ನೆಟೆ ರೋಗ (ಗಿಡ ಬಾಡಿ ಒಣಗುವ ರೋಗ) ಬಂದಾಗ ಎಷ್ಟು ರೈತರನ್ನು ಸೇರಿಸಿದಿರಿ, ಒಪ್ಪದ ಹಿರಿಯರನ್ನು ಹೇಗೆ ಒಪ್ಪಿಸಿದಿರಿ, ಮುಂದಿನ ಹಂಗಾಮಿನಲ್ಲಿ ಏನು ಬದಲಾಯಿತು, ಇದನ್ನೇ ಬರೆಯಿರಿ. ನಾಯಕತ್ವ ಅಂದರೆ ಆಯ್ಕೆ ಮಾಡುವವರು ಹುಡುಕುವುದು ಇದನ್ನೇ ಅಲ್ವಾ? ಓದುವವರಿಗೆ ನಮ್ಮ ಜಿಲ್ಲೆ ಗೊತ್ತಿರಲಿಕ್ಕಿಲ್ಲ. ಇಲ್ಲಿನ ಬಹಳಷ್ಟು ರೈತರು ಮಳೆ ನಂಬಿ ತೊಗರಿ ಬೆಳೆಯುತ್ತಾರೆ ಅಂತ ಒಂದೇ ಸಾಲಿನಲ್ಲಿ ಹೇಳಿಬಿಡಿ.

ಮೂರು ಕೋರ್ಸ್ ಆರಿಸಬೇಕು. ಯೂನಿವರ್ಸಿಟಿ ಹೆಸರು ನೋಡಿ ಮೂರು ಬೇರೆ ಬೇರೆ ವಿಷಯ ಹಾಕಬೇಡಿ, ನಿಮ್ಮ ಗುರಿಯೇ ಗೊಂದಲವಾಗಿ ಕಾಣುತ್ತದೆ. ಆ ಯೂನಿವರ್ಸಿಟಿಗಳಿಗೆ ಪ್ರತ್ಯೇಕ ಅರ್ಜಿಯನ್ನೂ ನೀವೇ ಹಾಕಬೇಕು.

ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಜೂನ್‌ನಲ್ಲೇ ಬರೆಯಲು ಕೂತುಕೊಳ್ಳಿ, ನಿಮ್ಮ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ.