ಪ್ರತಿ: ದೋಣಿಯ ಕಾರ್ಪೆಟ್‌ಗೆ ಬೂಷ್ಟು ವಾಸನೆ, ಮೀನಿನ ರಕ್ತದ ಕಲೆ

ಅಲ್ಯೂಮಿನಿಯಂ ದೋಣಿಯ ಕಾರ್ಪೆಟ್‌ಗೆ ಪ್ರೆಶರ್ ವಾಷರ್ ಹೊಡೆಯಬಹುದಾ ಅಂತ ಕೇಳಿದ್ದೀರಿ. ಹೊಡೆಯಬಹುದು, ಆದರೆ ಅಗಲವಾಗಿ ಚಿಮ್ಮುವ 40 ಡಿಗ್ರಿ ನಾಝಲ್ ಹಾಕಿ, ಕನಿಷ್ಠ ಒಂದು ಅಡಿ ದೂರದಿಂದ. ಅಂಚು, ಜೋಡಣೆಗಳ ಹತ್ತಿರ ಮಾತ್ರ ಬೇಡವೇ ಬೇಡ. ನೀರು ಅಡಿಗೆ ನುಗ್ಗಿ ಅಂಟು ಬಿಡುತ್ತದೆ, ಕೆಳಗಿನ ಪ್ಲೈವುಡ್ ನೆನೆಯುತ್ತದೆ.

ಮೊದಲು ಒಣಗಿರುವಾಗಲೇ ವ್ಯಾಕ್ಯೂಮ್ ಮಾಡಿ. ಮರಳು ಒದ್ದೆಯಾದರೆ ಎಳೆಗಳ ಬುಡಕ್ಕೆ ಕೂರುತ್ತದೆ. ರಕ್ತದ ಕಲೆಗೆ ತಣ್ಣೀರೇ ಸರಿ, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಎನ್‌ಜೈಮ್ ಕ್ಲೀನರ್ (ರಕ್ತದಂಥ ಕಲೆ ಒಡೆಯುವ ಕಿಣ್ವ ಇರುವ ದ್ರಾವಣ) ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗದಂತೆ ಬಿಟ್ಟು, ಮೆತ್ತನೆಯ ನೈಲಾನ್ ಬ್ರಷ್‌ನಿಂದ ಉಜ್ಜಿ. ಅದನ್ನು ಪೂರ್ತಿ ತೊಳೆದ ಮೇಲೆ ಬೂಷ್ಟಿಗೆ ಬಿಳಿ ವಿನೆಗರ್, ನೀರು ಸಮಪಾಲು, ಅರ್ಧ ಗಂಟೆ. ಬ್ಲೀಚ್ ಬೇಡ: ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಸೀಟಿನ ಹೊಲಿಗೆ ದಾರ ಸವೆಯುತ್ತದೆ, ವಿನೆಗರ್ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನೊರೆ ನಿಲ್ಲುವವರೆಗೂ ತೊಳೆಯಿರಿ; ಉಳಿದ ಕ್ಲೀನರ್‌ಗೆ ಕೊಳೆ ಬೇಗ ಹಿಡಿಯುತ್ತದೆ. ಇದನ್ನೆಲ್ಲ ಕೆರೆಯ ದಂಡೆಯಲ್ಲಿ ಮಾಡಬೇಡಿ, ಮನೆ ಹತ್ತಿರ ಟ್ರೇಲರ್ ಮೇಲೆ ಮಾಡಿ.

ನಿಜವಾದ ಕೆಲಸ ಇರುವುದು ಒಣಗಿಸುವುದರಲ್ಲಿ. ಟ್ರೇಲರ್ ಮೂತಿ ಎತ್ತಿ, ಡ್ರೇನ್ ಪ್ಲಗ್ (ದೋಣಿಯ ನೀರು ಹೊರಬಿಡುವ ತೂತಿನ ಬಿರಡೆ) ತೆಗೆಯಿರಿ. ವೆಟ್ ವ್ಯಾಕ್ಯೂಮ್‌ನಿಂದ ನೀರು ಹೀರಿ, ದೋಣಿಯೊಳಗಿನ ಸಾಮಾನಿನ ಡಬ್ಬಗಳ ಮುಚ್ಚಳ ತೆರೆದು ಒಂದೆರಡು ದಿನ ಫ್ಯಾನ್ ಹಾಕಿಡಿ. ಸಂಜೆಗೇ ಹೊದಿಕೆ ಮುಚ್ಚಿದರೆ ಬೂಷ್ಟು ವಾಪಸ್.

ಆಮೇಲೂ ವಾಸನೆ ಬಂದರೆ ಡೆಕ್ಕಿನ ಮೂಲೆಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಪ್ಲೈವುಡ್ ಕೊಳೆತಿದೆ. ಕಾರ್ಪೆಟ್ ಕಿತ್ತು ಹಲಗೆಯನ್ನೇ ಬದಲಿಸಬೇಕು.