ಥಾಯ್ಲೆಂಡ್‌ನ ಪಟ್ಟಾಯದಲ್ಲಿ ಸೊಂಗ್‌ಕ್ರಾನ್ ಹಬ್ಬದ ನೀರಾಟ ಏಪ್ರಿಲ್ 15ಕ್ಕೆ ಮುಗಿಯುತ್ತದಾ? ಅಲ್ಲಿ ನೆಲೆಸಿದ ವಿದೇಶಿಯರು ಏನು ಮಾಡುತ್ತಾರೆ?

ಎಲ್ಲಿ ಮುಗಿಯುತ್ತದೆ! ಸೊಂಗ್‌ಕ್ರಾನ್ ಅಂದರೆ ಥಾಯ್ ಹೊಸ ವರ್ಷ, ಅದರ ರಜೆ ಏಪ್ರಿಲ್ 13ರಿಂದ 15. ಆದರೆ ಪಟ್ಟಾಯದಲ್ಲಿ ‘ವಾನ್ ಲೈ’ ಅಂತ ಆಟ ಮುಂದುವರಿಯುತ್ತದೆ, 19ರಂದು ಬೀಚ್ ರೋಡ್‌ನಲ್ಲಿ ಅದರ ಜೋರು. ಪಿಕಪ್ ಗಾಡಿ ಹಿಂದೆ ನೀರಿನ ಡ್ರಮ್, ಅದರೊಳಗೆ ಐಸ್ ಗಡ್ಡೆ. ಸ್ಕೂಟರ್ ಸವಾರರನ್ನೂ ಬಿಡುವುದಿಲ್ಲ, ಕೆನ್ನೆಗೆ ಬಿಳಿ ಪುಡಿಯ ಪೇಸ್ಟ್ ಬೇರೆ.

ಹೊಸಬರು ವಾಟರ್ ಗನ್ ಹಿಡಿದು ಇಳಿಯುತ್ತಾರೆ. ಹಳಬರಲ್ಲಿ ಅನೇಕರು ದಿನಸಿ ತುಂಬಿಸಿಕೊಂಡು ಮನೆ ಸೇರುತ್ತಾರೆ, ಇಲ್ಲವೇ ಊರೇ ಬಿಡುತ್ತಾರೆ. ಸುಮ್ನೆ ಗೊಣಗಾಟ ಅಲ್ಲ ಅದು, ಆ ವಾರ ರಸ್ತೆ ಅಪಘಾತ ನಿಜಕ್ಕೂ ಜಾಸ್ತಿ.

ನನ್ನನ್ನು ಕೇಳಿದರೆ, ಬೆಳಿಗ್ಗೆ ಬೌದ್ಧ ದೇವಾಲಯಕ್ಕೆ ಹೋಗಿ. ಬುದ್ಧನ ಮೂರ್ತಿಗೆ, ಹಿರಿಯರ ಅಂಗೈಗೆ ಪರಿಮಳದ ನೀರು ಹನಿಸುತ್ತಾರೆ. ಮೂಲ ಹಬ್ಬ ಅದೇ ಅಲ್ವಾ? ಫೋನಿಗೊಂದು ವಾಟರ್‌ಪ್ರೂಫ್ ಚೀಲ ಮಾತ್ರ ಮರೆಯಬೇಡಿ.