ಬರೀ ಚುಕ್ಕಿ ಇಟ್ಟ ಬಾಗಿಲು

ತಿಪಟೂರಿನ ಡ್ರಾಯಿಂಗ್ ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಮುಖಪುಟದಲ್ಲಿ ತುಮಕೂರು ಚಿಕ್ಕಪೇಟೆಯ ಒಂದು ಬೀದಿಯ ಫೋಟೋ ಇತ್ತು. ಯುವ ಕಲಾವಿದರೊಬ್ಬರ ಜೊತೆ ಸೇರಿ 17 ಮನೆಯವರು ಹೊಸಿಲಿಂದ ಹೊಸಿಲಿಗೆ ಎಳೆ ಸೇರಿಸುತ್ತಾ ಹಾಕಿದ ರಂಗೋಲಿ. ನಿಮಗೆ ಸಿಟ್ಟು ಬಂದಿದೆ. "ಇದು ಕಲೆಯಾದರೆ ನಾನು 5 ವರ್ಷ ಕಲಿತದ್ದೇನು? ನಮ್ಮಮ್ಮ ದಿನಾ ಹಾಕ್ತಾರೆ, ಅವರ ಫೋಟೋ ಯಾಕಿಲ್ಲ?" ಎಂದು ಕೇಳಿದ್ದೀರಿ.

ಎರಡನೇ ಪ್ರಶ್ನೆ ನನ್ನನ್ನು ಬಿಡಲಿಲ್ಲ.

1982ರಲ್ಲಿ ಜರ್ಮನಿಯ ಕಾಸೆಲ್ ಊರಿನಲ್ಲಿ ಜೋಸೆಫ್ ಬಾಯ್ಸ್ ಎಂಬ ಕಲಾವಿದ ಮ್ಯೂಸಿಯಂ ಎದುರು 7000 ಕಲ್ಲುಕಂಬ ರಾಶಿ ಹಾಕಿಸಿದ. ಊರಲ್ಲಿ ಒಂದು ಗಿಡ ನೆಟ್ಟರೆ ಅದರ ಪಕ್ಕಕ್ಕೆ ಒಂದು ಕಲ್ಲು. ಗಿಡ ಹೆಚ್ಚಿದಂತೆ ರಾಶಿ ಕರಗಬೇಕು. ಕರಗಲು 5 ವರ್ಷ ಹಿಡಿಯಿತು. ಅಷ್ಟರಲ್ಲಿ ಬಾಯ್ಸ್ ತೀರಿಕೊಂಡಿದ್ದ. ಕೊನೆಯ ಗಿಡವನ್ನು 1987ರಲ್ಲಿ ಮಗ ನೆಟ್ಟ. ಕಲೆಯ ಚರಿತ್ರೆಯಲ್ಲಿ ಅದಕ್ಕೆ ಖಾಯಂ ಜಾಗ ಇದೆ.

ನಮ್ಮ ಗುಬ್ಬಿಯಲ್ಲಿ ಹುಟ್ಟಿದ ತಿಮ್ಮಕ್ಕ, ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಗಿಡ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು, ಪರಿಸರದ ಕೆಲಸಕ್ಕೆ. ಕಲೆ ಅಂತ ಯಾರೂ ಅನ್ನಲಿಲ್ಲ. (ತಿಮ್ಮಕ್ಕನಿಗೆ ಅದು ಬೇಕೂ ಇರಲಿಲ್ಲ ಅನ್ನಿ.) ಮರ ಎರಡೂ ಕಡೆ ಮರವೇ, ಅಲ್ವಾ?

ಹಾಗಂತ ಜನ ಸೇರಿ ಮಾಡಿದ್ದೆಲ್ಲ ಕಲೆ ಅಂತ ನಾನು ಒಪ್ಪುವುದಿಲ್ಲ. ಕಲಾವಿದ ಗೋಡೆ ಮೇಲೆ ಗೀಟು ಹಾಕಿಟ್ಟು, ಮಕ್ಕಳು ಸುಮ್ನೆ ಬಣ್ಣ ತುಂಬಿ ಫೋಟೋಗೆ ನಿಲ್ಲುತ್ತಾರಲ್ಲ, ಅದು ಬಿಟ್ಟಿ ಚಾಕರಿ.

ಚಿಕ್ಕಪೇಟೆಯಲ್ಲಿ ಕಲಾವಿದರ ನಕ್ಷೆ ಮೂರನೇ ಮನೆಗೇ ಕೆಟ್ಟಿತು. "15 ಚುಕ್ಕಿಗೆ ಇದು ಕೂರಲ್ಲ ಕಣಪ್ಪ" ಎಂದು ಅಜ್ಜಿಯೊಬ್ಬರು ಅಳಿಸಿ ತಮ್ಮದೇ ಎಳೆ ತಿರುಗಿಸಿದರು. ಒಂಬತ್ತನೇ ಮನೆಯಲ್ಲಿ ಸಾವಾಗಿ ವರ್ಷ ತುಂಬಿರಲಿಲ್ಲ. ಅಲ್ಲಿ ರಂಗೋಲಿ ಹಾಕುವಂತಿಲ್ಲ. ಬಿಟ್ಟು ಹೋದರೆ ಅವರು ಬೀದಿಯಿಂದಲೇ ಹೊರಗಾದಂತೆ. ಅರ್ಧ ಗಂಟೆ ವಾದ. ಕಲಾವಿದರು ಬಾಯಿ ಬಿಡಲಿಲ್ಲ, ಅದು ಅವರ ಜಾಣತನ. ಕೊನೆಗೆ ಆ ಮನೆಯ ಸೊಸೆಯೇ ಹೊರಗೆ ಬಂದು, ಎಳೆ ಬೇಡ, ಬರೀ ಚುಕ್ಕಿ ಇಡಿ ಎಂದರು. ನಾನು ಕಲೆ ಅಂದದ್ದು ಆ ಚುಕ್ಕಿಗಳನ್ನು. ನಿಮ್ಮ 5 ವರ್ಷಕ್ಕೆ ಇದರಿಂದ ಕುಂದಿಲ್ಲ. ಅಜ್ಜಿಯ ಬೆರಳಿಗಂತೂ ಅದಕ್ಕಿಂತ ಜಾಸ್ತಿ ವರ್ಷದ ಪಾಠ ಆಗಿದೆ.

ಒಂದು ತಪ್ಪು ನಮ್ಮದೇ. ಫೋಟೋ ಕೆಳಗೆ ಕಲಾವಿದರ ಹೆಸರು ಮಾತ್ರ ಹಾಕಿದ್ದೆವು. 17 ಮನೆಯವರ ಹೆಸರೂ ಈ ಸಂಚಿಕೆಯಲ್ಲಿವೆ. ನಿಮ್ಮಮ್ಮನ ರಂಗೋಲಿಯ ಫೋಟೋ ಕಳಿಸಿ. ಅವರ ಹೆಸರು ಬರೆಯಲು ಮರೆಯಬೇಡಿ, ಕಾಗದದಲ್ಲಿ ನೀವೂ ಬರೆದಿಲ್ಲ.